ಕಾಮಾ ಹಾಕಿ ಎರಡು ಕ್ಲಾಸ್‌ಗಳನ್ನು ಒಟ್ಟಿಗೆ ಹಿಡಿದರೆ ಪಕ್ಕದ ಪಟ್ಟಿಯೂ ಮಾಯವಾಗುತ್ತಿದೆ, ಏಕೆ?

ಅಂತರಗಂಗೆ (ಕೋಲಾರ)

ಎಲ್ಲರಿಗೂ ನಮಸ್ಕಾರ. ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ನನ್ನ ಸೋದರಮಾವನ ಟೊಮೆಟೊ ಮಂಡಿ ಇದೆ. ಆಯಾ ದಿನದ ಹರಾಜಿನ ದರವನ್ನು ರೈತರು ಮೊಬೈಲಿನಲ್ಲೇ ನೋಡಿಕೊಳ್ಳಲಿ ಎಂದು ಜೆಕ್ವೆರಿ (ಜಾವಾಸ್ಕ್ರಿಪ್ಟ್ ಕೆಲಸವನ್ನು ಸುಲಭ ಮಾಡುವ ಲೈಬ್ರರಿ) ಬಳಸಿ ಒಂದು ಪುಟ ಮಾಡಿಕೊಟ್ಟಿದ್ದೇನೆ. ಮೇಲ್ಭಾಗದಲ್ಲಿ ‘ದರಪಟ್ಟಿ’ ಎಂಬ ಐಡಿಯ ಟೇಬಲ್ ಇದ್ದು, ಒಂದೊಂದು ಲಾಟಿಗೆ ಒಂದೊಂದು ಸಾಲಿದೆ. ಕೊಳೆತು ಬದಿಗಿಟ್ಟ ಲಾಟಿನ ಸಾಲಿಗೆ ‘ಕೊಳೆತ’ ಎಂದೂ, ದರ ಗಿಟ್ಟಲಿಲ್ಲವೆಂದು ರೈತರೇ ಮಾರಾಟ ನಿಲ್ಲಿಸಿದ ಸಾಲಿಗೆ ‘ತಡೆದ’ ಎಂದೂ ಕ್ಲಾಸ್ (ಗುರುತಿನ ಹೆಸರು) ಕೊಟ್ಟಿದ್ದೇನೆ. ಗುಂಡಿ ಒತ್ತಿದರೆ ಈ ಎರಡೂ ಬಗೆಯ ಸಾಲುಗಳು ಮರೆಯಾಗಿ, ಮಾರಾಟವಾದವು ಮಾತ್ರ ಉಳಿಯಬೇಕು.

ಮೊದಲು ಎರಡು ಸಾಲು ಕೋಡ್ ಬರೆದಿದ್ದೆ, ಕೆಲಸ ನಡೆಯುತ್ತಿತ್ತು. ಒಂದೇ ಸಾಲಿನಲ್ಲಿ ಮುಗಿಸೋಣವೆಂದು ಹೊರಟಾಗ ತೊಂದರೆ ಶುರುವಾಯಿತು. ನಾನು ಪ್ರಯತ್ನಿಸಿದ ಮೂರು ರೂಪಗಳು ಇವು. (ಮೆಥಡ್‌ಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಐಡಿ ಮತ್ತು ಕ್ಲಾಸ್‌ಗಳ ಹೆಸರು ಮಾತ್ರ ನನ್ನ ಪುಟದಲ್ಲೂ ಕನ್ನಡದಲ್ಲೇ ಇವೆ.)

$("#ದರಪಟ್ಟಿ .ಕೊಳೆತ .ತಡೆದ").ಹೈಡ್()
$("#ದರಪಟ್ಟಿ .ಕೊಳೆತ", ".ತಡೆದ").ಹೈಡ್()
$("#ದರಪಟ್ಟಿ .ಕೊಳೆತ, .ತಡೆದ").ಹೈಡ್()

ಮೊದಲ ಎರಡರಿಂದ ಏನೂ ಆಗಲಿಲ್ಲ, ಕನ್ಸೋಲಿನಲ್ಲಿ (ಬ್ರೌಸರ್ ದೋಷಗಳನ್ನು ತೋರಿಸುವ ಕಿಟಕಿಯಲ್ಲಿ) ದೋಷವೂ ಕಾಣಲಿಲ್ಲ. ಮೂರನೆಯದು ಕೆಲಸ ಮಾಡಿತೆಂದು ನಾನು ನಿಶ್ಚಿಂತನಾಗಿದ್ದೆ. ಸಂಜೆ ಮಾವ ಫೋನ್ ಮಾಡಿ, ಹಣ ಕೊಡಬೇಕಾದ ರೈತರ ಹೆಸರುಗಳಲ್ಲಿ ಅರ್ಧಕ್ಕರ್ಧ ಕಾಣುತ್ತಿಲ್ಲವೆಂದು ಕೂಗಾಡಿದರು. ಅದೇ ಪುಟದ ಕೆಳಗೆ ‘ಬಾಕಿಪಟ್ಟಿ’ ಎಂಬ ಇನ್ನೊಂದು ಟೇಬಲ್ ಇದೆ. ಪಾವತಿ ತಡೆದಿರುವ ಚೀಟಿಗಳಿಗೂ ನಾನು ‘ತಡೆದ’ ಎಂಬ ಕ್ಲಾಸನ್ನೇ ಕೊಟ್ಟಿದ್ದೆ. ದರಪಟ್ಟಿ ಎಂದು ಸ್ಪಷ್ಟವಾಗಿ ಬರೆದಿದ್ದರೂ ಅದು ಕೆಳಗಿನ ಪಟ್ಟಿಗೆ ಏಕೆ ಕೈಹಾಕಿತು?

ರಾಗಿಮುದ್ದೆ (ಮಾಲೂರು)

ಕಾಮಾದ ಆಚೆಗೂ #ದರಪಟ್ಟಿ ಎಂದು ಇನ್ನೊಮ್ಮೆ ಬರೆಯಿರಿ, ಅಷ್ಟೇ.

ದೇವರಾಯನದುರ್ಗ (ತುಮಕೂರು)

ಉತ್ತರ ಸರಿಯಾಗಿದೆ, ಆದರೆ ಕಾರಣ ಹೇಳದಿದ್ದರೆ ಇದೇ ತಪ್ಪು ನಾಳೆ ಇನ್ನೊಂದು ಕಡೆ ಬರುತ್ತದೆ. ನಾನು ಮಕ್ಕಳಿಗೆ ಇದನ್ನು ಕಲಿಸುವಾಗ ನಮ್ಮ ಮಾತಿನ ರೂಢಿಯಿಂದಲೇ ಶುರು ಮಾಡುತ್ತೇನೆ. ‘ಕೋಲಾರದ ಟೊಮೆಟೊ, ಮಾವು ತನ್ನಿ’ ಎಂದು ಯಾರಾದರೂ ಹೇಳಿದರೆ ಟೊಮೆಟೊ ಮತ್ತು ಮಾವು ಎರಡೂ ಕೋಲಾರದವೇ ಆಗಿರಬೇಕೆಂದು ನಾವು ಅರ್ಥ ಮಾಡಿಕೊಳ್ಳುತ್ತೇವೆ, ಏಕೆಂದರೆ ಕನ್ನಡದಲ್ಲಿ ಮುಂದಿಟ್ಟ ವಿಶೇಷಣ ಕಾಮಾ ದಾಟಿಕೊಂಡು ಹೋಗುತ್ತದೆ. ಸೆಲೆಕ್ಟರಿನಲ್ಲಿ, ಅಂದರೆ ಯಾವುದನ್ನು ಹಿಡಿಯಬೇಕೆಂದು ಉದ್ಧರಣ ಚಿಹ್ನೆಯೊಳಗೆ ಬರೆಯುವ ಮಾತಿನಲ್ಲಿ, ಅದು ದಾಟುವುದಿಲ್ಲ. ಬ್ರೌಸರಿಗೆ ಅದು ‘ಕೋಲಾರದ ಟೊಮೆಟೊ, ಜೊತೆಗೆ ಲೋಕದಲ್ಲಿರುವ ಎಲ್ಲ ಮಾವು’ ಎಂದು ಕೇಳಿಸುತ್ತದೆ. ಕಾಮಾದ ಎಡಬದಿ ಒಂದು ಪೂರ್ತಿ ಸೆಲೆಕ್ಟರ್, ಬಲಬದಿ ಇನ್ನೊಂದು ಪೂರ್ತಿ ಸೆಲೆಕ್ಟರ್; ಒಂದಕ್ಕೊಂದು ಸಂಬಂಧವಿಲ್ಲ.

ನಿಮ್ಮ ಮೊದಲ ರೂಪದಲ್ಲಿ ಎರಡು ಕ್ಲಾಸ್‌ಗಳ ನಡುವೆ ಇರುವುದು ಬರಿಯ ಖಾಲಿ ಜಾಗ. ಅದರ ಅರ್ಥ ‘ಒಳಗಿರುವ’ ಎಂದು. ಅಂದರೆ ದರಪಟ್ಟಿಯೊಳಗಿನ ಕೊಳೆತ ಸಾಲಿನ ಒಳಗೆ ಇನ್ನೊಂದು ತಡೆದ ಎಲಿಮೆಂಟ್ (ಪುಟದ ಭಾಗ) ಇದ್ದರೆ ಅದನ್ನು ಕೊಡು ಎಂದಂತಾಯಿತು. ಸಾಲಿನೊಳಗೆ ಸಾಲು ಇಲ್ಲದಿರುವುದರಿಂದ ಏನೂ ಸಿಗಲಿಲ್ಲ. ಖಾಲಿ ಜಾಗವನ್ನೂ ತೆಗೆದು .ಕೊಳೆತ.ತಡೆದ ಎಂದು ಅಂಟಿಸಿ ಬರೆದಿದ್ದರೆ ಎರಡೂ ಕ್ಲಾಸ್ ಇರುವ ಸಾಲು ಮಾತ್ರ ಸಿಗುತ್ತಿತ್ತು.

ಎರಡನೆಯ ರೂಪ ಇನ್ನೂ ಮೋಸದ್ದು. ಅಲ್ಲಿ ಕಾಮಾ ಇರುವುದು ಉದ್ಧರಣ ಚಿಹ್ನೆಯ ಹೊರಗೆ, ಆದ್ದರಿಂದ ಅದು ಸೆಲೆಕ್ಟರಿನ ಕಾಮಾ ಆಗದೆ ಫಂಕ್ಷನ್ನಿನ ಎರಡನೆಯ ವಾದಾಂಶವನ್ನು ಬೇರ್ಪಡಿಸುವ ಕಾಮಾ ಆಗುತ್ತದೆ. ಡಾಲರ್ ಫಂಕ್ಷನ್ನಿಗೆ ಎರಡನೆಯದಾಗಿ ಕೊಟ್ಟದ್ದು ‘ಎಲ್ಲಿ ಹುಡುಕಬೇಕು’ ಎಂಬುದನ್ನು ಹೇಳುತ್ತದೆ. ‘ತಡೆದ’ದ ಒಳಹೊಕ್ಕು ‘ದರಪಟ್ಟಿಯ ಕೊಳೆತ’ವನ್ನು ಹುಡುಕು ಎಂದು ನೀವು ಕೇಳಿದಿರಿ.

ಅಂತರಗಂಗೆ (ಕೋಲಾರ)

ಸರ್, ಮಾವಿನ ಉದಾಹರಣೆ ಈಗ ತಲೆಯಿಂದ ಹೋಗುವುದಿಲ್ಲ. ಆದರೆ ಮೊದಲ ಎರಡು ರೂಪಗಳು ತಪ್ಪಾಗಿದ್ದರೆ ಜೆಕ್ವೆರಿ ಒಂದು ದೋಷವನ್ನಾದರೂ ತೋರಿಸಬೇಕಿತ್ತಲ್ಲವೇ? ಒಂದು ಗಂಟೆ ಸುಮ್ಮನೆ ಗುಂಡಿ ಒತ್ತುತ್ತ ಕುಳಿತಿದ್ದೆ.

ನಂದಿಮಂಜು (ಚಿಕ್ಕಬಳ್ಳಾಪುರ)

ವ್ಯಾಕರಣದ ದೃಷ್ಟಿಯಿಂದ ಅವು ತಪ್ಪಲ್ಲ, ಆದ್ದರಿಂದ ದೋಷ ಬರುವುದಿಲ್ಲ. ಏನೂ ಸಿಗದಿದ್ದರೆ ಜೆಕ್ವೆರಿ ಖಾಲಿ ಗುಂಪನ್ನು ಕೊಡುತ್ತದೆ, ಖಾಲಿ ಗುಂಪನ್ನು ಮರೆಮಾಡು ಎಂದರೆ ತೆಪ್ಪಗೆ ಒಪ್ಪಿಕೊಳ್ಳುತ್ತದೆ. ನಾನು ಯಾವ ಸೆಲೆಕ್ಟರ್ ಬರೆದರೂ ಮೊದಲು ಕನ್ಸೋಲಿನಲ್ಲಿ ಅದರ .ಲೆಂಗ್ತ್ (ಎಷ್ಟು ಸಿಕ್ಕಿವೆ ಎಂಬ ಸಂಖ್ಯೆ) ನೋಡಿಯೇ ಮುಂದುವರಿಯುತ್ತೇನೆ. ನಿಮ್ಮ ಮೊದಲ ಎರಡಕ್ಕೂ ಸೊನ್ನೆ ಬರುತ್ತಿತ್ತು, ಮೂರನೆಯದಕ್ಕೆ ದರಪಟ್ಟಿಯಲ್ಲಿ ಕಾಣುವುದಕ್ಕಿಂತ ಹೆಚ್ಚು ಸಂಖ್ಯೆ ಬರುತ್ತಿತ್ತು, ಅಲ್ಲೇ ಅನುಮಾನ ಹುಟ್ಟುತ್ತಿತ್ತು. ಇನ್ನೊಂದು ವಿಷಯ: ‘ಸಿಕ್ಕಿದೆಯೇ’ ಎಂದು ಪರೀಕ್ಷಿಸಲು ಇಫ್ ಒಳಗೆ ಬರಿಯ $(".ತಡೆದ") ಬರೆಯುವವರಿದ್ದಾರೆ. ಖಾಲಿ ಗುಂಪೂ ಒಂದು ವಸ್ತುವೇ ಆದ್ದರಿಂದ ಅದು ಯಾವಾಗಲೂ ನಿಜವೆಂದೇ ಆಗುತ್ತದೆ. ಲೆಂಗ್ತ್ ಅನ್ನೇ ಕೇಳಬೇಕು.

ಪರಿಹಾರದ ವಿಷಯದಲ್ಲಿ ಮಾತ್ರ ಮಾಲೂರಿನವರ ಮಾತು ನನಗೆ ಒಪ್ಪಿಗೆಯಿಲ್ಲ. ಐಡಿಯನ್ನು ಎರಡು ಸಲ ಬರೆದರೆ ನಾಳೆ ಮೂರನೆಯ ಕ್ಲಾಸ್ ಸೇರಿಸುವವರು ಮತ್ತೆ ಮರೆಯುತ್ತಾರೆ. ನನ್ನ ರೂಪ ಇದು:

$("#ದರಪಟ್ಟಿ").ಫೈಂಡ್(".ಕೊಳೆತ, .ತಡೆದ").ಹೈಡ್()

ಮೊದಲು ಮನೆಯೊಳಗೆ ಹೋಗಿ, ಆಮೇಲೆ ಹುಡುಕಿ. ಕಾಮಾದ ನಂತರ ಎಷ್ಟು ಸೇರಿಸಿದರೂ ಹೊಸ್ತಿಲು ದಾಟುವುದಿಲ್ಲ.

ರಾಗಿಮುದ್ದೆ (ಮಾಲೂರು)

ಎರಡು ಕ್ಲಾಸಿಗೆ ಇಷ್ಟು ಶಾಸ್ತ್ರ ಬೇಕೇ, ಮೇಡಂ? ಓದುವವರಿಗೆ ಎದುರಿಗೆ ಕಾಣುವಂತೆ ಎರಡು ಸಲ ಬರೆದರೆ ಯಾರಿಗೂ ಗೊಂದಲವಿಲ್ಲ.

ನಂದಿಮಂಜು (ಚಿಕ್ಕಬಳ್ಳಾಪುರ)

ಎದುರಿಗೆ ಕಾಣುತ್ತಿದ್ದರೂ ಮೂಲ ಪ್ರಶ್ನೆ ಕೇಳಿದವರಿಗೆ ಅದು ಕಾಣಲಿಲ್ಲವಲ್ಲ.

ಬರಿಗೈ ಜಾವಾಸ್ಕ್ರಿಪ್ಟ್ (ಗೌರಿಬಿದನೂರು)

ನೀವೆಲ್ಲ ಇನ್ನೂ ಯಾವ ಕಾಲದಲ್ಲಿದ್ದೀರಿ? ಜಾನ್ ರೆಸಿಗ್ ಅವರು 2006ರಲ್ಲಿ ಜೆಕ್ವೆರಿ ಹೊರತಂದಾಗ ಒಂದೊಂದು ಬ್ರೌಸರ್ ಒಂದೊಂದು ರೀತಿ ವರ್ತಿಸುತ್ತಿತ್ತು, ಅದಕ್ಕೊಂದು ಮಧ್ಯವರ್ತಿ ಬೇಕಿತ್ತು. ಈಗ ಬ್ರೌಸರಿನೊಳಗೇ ಸೆಲೆಕ್ಟರಿಗೆ ಹೊಂದುವುದನ್ನೆಲ್ಲ ತರುವ ಕ್ವೆರಿಸೆಲೆಕ್ಟರ್‌ಆಲ್ ಇದೆ, ಅದೇ ಕಾಮಾ, ಅದೇ ಚುಕ್ಕೆ, ಅದೇ ಹ್ಯಾಶ್. ಸಿಕ್ಕ ಪಟ್ಟಿಯ ಮೇಲೆ ಫಾರ್‌ಈಚ್ ಓಡಿಸಿದರೆ ಮುಗಿಯಿತು. ಒಂದು ದರಪಟ್ಟಿಗಾಗಿ ರೈತರ ಮೊಬೈಲಿಗೆ ಇಡೀ ಲೈಬ್ರರಿಯನ್ನು ಇಳಿಸುವುದು ಏಕೆ?

ಇನ್ನು ಐಡಿ ಎರಡು ಸಲ ಬರೆಯುವ ಜಗಳಕ್ಕೆ ಪುಟದ ರೂಪ ನಿರ್ಧರಿಸುವ ಭಾಷೆಯಾದ ಸಿಎಸ್‌ಎಸ್‌ನಲ್ಲೇ ಉತ್ತರವಿದೆ: #ದರಪಟ್ಟಿ :ಈಸ್(.ಕೊಳೆತ, .ತಡೆದ). ಕೋಲಾರದ ಎಂಬ ವಿಶೇಷಣ ಆವರಣದೊಳಗಿನ ಎಲ್ಲಕ್ಕೂ ಸಲ್ಲುತ್ತದೆ. ಮುಖ್ಯ ಬ್ರೌಸರ್‌ಗಳೆಲ್ಲ 2021ರಿಂದ ಇದನ್ನು ಒಪ್ಪಿಕೊಳ್ಳುತ್ತಿವೆ.

ದೇವರಾಯನದುರ್ಗ (ತುಮಕೂರು)

ಮಧ್ಯವರ್ತಿಗಳ ಮೇಲೆ ಮಂಡಿಯವರ ಮುಂದೆಯೇ ಇಷ್ಟು ಸಿಟ್ಟು ಬೇಡ. ನೀವು ಹೇಳಿದ್ದು ಬಹುಪಾಲು ನಿಜ, ಆದರೆ ‘ಅದೇ’ ಎನ್ನುವಷ್ಟು ಅದೇ ಅಲ್ಲ. ಒಂದು ಎಲಿಮೆಂಟಿನ ಮೇಲೆ ಕ್ವೆರಿಸೆಲೆಕ್ಟರ್‌ಆಲ್ ಕರೆದರೆ ಸಿಗುವ ಫಲಿತಾಂಶಗಳು ಅದರ ಒಳಗಿನವೇ ಆಗಿರುತ್ತವೆ. ಆದರೆ ಸೆಲೆಕ್ಟರನ್ನು ಹೋಲಿಸಿ ನೋಡುವುದು ಇಡೀ ದಸ್ತಾವೇಜಿನ ಮೇಲೆ. ದರಪಟ್ಟಿಯ ಮೇಲೆ ನಿಂತು ‘.ಪುಟ .ತಡೆದ’ ಎಂದು ಕೇಳಿದರೆ, ‘ಪುಟ’ ಎಂಬ ಕ್ಲಾಸ್ ದರಪಟ್ಟಿಯ ಹೊರಗಿದ್ದರೂ ಸಾಲುಗಳು ಸಿಗುತ್ತವೆ. ಜೆಕ್ವೆರಿಯ ಫೈಂಡ್ ಎರಡೂ ಭಾಗಗಳು ಒಳಗೇ ಇರಬೇಕೆಂದು ಹಟ ಹಿಡಿಯುತ್ತದೆ. ಹಳೆಯ ಕೋಡನ್ನು ಬದಲಿಸಿ ಬರೆಯುವಾಗ ನಾನು ಇಲ್ಲಿ ಒಮ್ಮೆ ಎಡವಿದ್ದೇನೆ.

ಈಸ್ ಕುರಿತು ಒಂದು ಎಚ್ಚರಿಕೆ. ಜೆಕ್ವೆರಿಯಲ್ಲಿ ಅದು ನಡೆಯುವುದು ಬ್ರೌಸರ್ ಅದನ್ನು ಅರ್ಥ ಮಾಡಿಕೊಳ್ಳುವುದರಿಂದ. ಅದೇ ಸೆಲೆಕ್ಟರಿನಲ್ಲಿ :ವಿಸಿಬಲ್ ಮೊದಲಾದ ಜೆಕ್ವೆರಿಯ ಸ್ವಂತ ಪದಗಳನ್ನು ಬೆರೆಸಿದರೆ ಬ್ರೌಸರ್ ಕೈಚೆಲ್ಲುತ್ತದೆ, ಆಗ ಜೆಕ್ವೆರಿ ತನ್ನದೇ ಯಂತ್ರವನ್ನು ಓಡಿಸುತ್ತದೆ, ಆ ಯಂತ್ರಕ್ಕೆ ಈಸ್ ಗೊತ್ತಿಲ್ಲ, ದೋಷ ಬರುತ್ತದೆ. ಬೆರೆಸಲೇಬೇಕಾದರೆ ಮೊದಲು ಶುದ್ಧ ಸಿಎಸ್‌ಎಸ್ ಸೆಲೆಕ್ಟರಿನಿಂದ ಹಿಡಿದು, ಆಮೇಲೆ .ಫಿಲ್ಟರ್(":ವಿಸಿಬಲ್") ಹಾಕಿ.

ಅಂತರಗಂಗೆ (ಕೋಲಾರ)

ಗೌರಿಬಿದನೂರಿನವರ ಮಾತು ಕೇಳಿ ಈಗಷ್ಟೇ ಪ್ರಯತ್ನಿಸಿದೆ. 15 ಕೆ.ಜಿ. ಬಾಕ್ಸುಗಳ ಸಾಲಿಗೆ ‘15ಕೆಜಿ’ ಎಂದು ಕ್ಲಾಸ್ ಕೊಟ್ಟಿದ್ದೆ. ಅದನ್ನೂ ಪಟ್ಟಿಗೆ ಸೇರಿಸಿ ".ಕೊಳೆತ, .ತಡೆದ, .15ಕೆಜಿ" ಎಂದು ಕ್ವೆರಿಸೆಲೆಕ್ಟರ್‌ಆಲ್‌ಗೆ ಕೊಟ್ಟರೆ ಕೆಂಪು ಅಕ್ಷರಗಳಲ್ಲಿ ಬೈಯುತ್ತದೆ, ಕೊಳೆತವನ್ನೂ ಕೊಡುವುದಿಲ್ಲ.

ಬರಿಗೈ ಜಾವಾಸ್ಕ್ರಿಪ್ಟ್ (ಗೌರಿಬಿದನೂರು)

ಕ್ಲಾಸಿನ ಹೆಸರು ಅಂಕಿಯಿಂದ ಶುರುವಾಗುವುದಕ್ಕೆ ಎಚ್‌ಟಿಎಂಎಲ್‌ನಲ್ಲಿ ಅಡ್ಡಿಯಿಲ್ಲ, ಸೆಲೆಕ್ಟರಿನಲ್ಲಿ ನೇರವಾಗಿ ಹಾಗೆ ಬರೆಯುವಂತಿಲ್ಲ. ಕಾಮಾ ಪಟ್ಟಿಯಲ್ಲಿ ಒಂದು ಕೆಟ್ಟರೆ ಎಲ್ಲವೂ ಕೆಟ್ಟಂತೆ. ಸ್ಟೈಲ್‌ಶೀಟಿನಲ್ಲೂ ಹೀಗೆಯೇ, ಒಂದು ತುಂಡು ಅಮಾನ್ಯವಾದರೆ ಇಡೀ ನಿಯಮವನ್ನು ಬ್ರೌಸರ್ ಎಸೆಯುತ್ತದೆ, ಅಲ್ಲಿ ಬೈಯುವುದೂ ಇಲ್ಲ. ‘ಬಾಕ್ಸ್15’ ಎಂದು ಹೆಸರು ಬದಲಿಸಿ.

ನಂದಿಮಂಜು (ಚಿಕ್ಕಬಳ್ಳಾಪುರ)

ಹೆಸರು ಬದಲಿಸುವ ಅಧಿಕಾರ ಇಲ್ಲದವರಿಗೆ ಜೆಕ್ವೆರಿಯಲ್ಲಿ ಇಂಥ ಹೆಸರನ್ನು ಸೆಲೆಕ್ಟರಿಗೆ ಒಪ್ಪುವಂತೆ ಮಾಡುವ ಎಸ್ಕೇಪ್‌ಸೆಲೆಕ್ಟರ್ ಎಂಬ ಫಂಕ್ಷನ್ ಇದೆ, 2016ರ 3.0 ಆವೃತ್ತಿಯಿಂದ ಬಂದದ್ದು. ಚುಕ್ಕೆ, ಕೋಲನ್, ಆವರಣ ಚಿಹ್ನೆ ಇರುವ ಹೆಸರುಗಳಿಗೂ ಅದು ಆಗುತ್ತದೆ.

ಹೊಸಬ್ಬ (ಶಿರಾ)

ನಾನಿನ್ನೂ ಕಲಿಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ. ಈ ಕ್ಲಾಸುಗಳ ಗೋಜೇ ಬೇಡವೆಂದು ಎಲ್ಲ ಸಾಲುಗಳಿಗೂ ಒಂದೇ ಐಡಿ ಕೊಟ್ಟು $("#ತಡೆದ") ಎಂದು ಹಿಡಿದರೆ ಆಗುವುದಿಲ್ಲವೇ?

ದೇವರಾಯನದುರ್ಗ (ತುಮಕೂರು)

ಬೇಡ ತಮ್ಮ. ಒಂದು ಪುಟದಲ್ಲಿ ಒಂದು ಐಡಿ ಒಬ್ಬರಿಗೇ ಸೇರಿದ್ದು. ಹಾಗೆ ಹಿಡಿದರೆ ಮೊದಲನೆಯ ಸಾಲು ಮಾತ್ರ ಸಿಗುತ್ತದೆ.

ನಂದಿಮಂಜು (ಚಿಕ್ಕಬಳ್ಳಾಪುರ)

ಬೇಡ ಎನ್ನುವುದು ಸರಿ, ಕಾರಣ ಪೂರ್ತಿ ಸರಿಯಿಲ್ಲ, ಸರ್. ಇಂಗ್ಲಿಷ್ ಅಕ್ಷರಗಳ ಒಂಟಿ ಐಡಿಯಾದರೆ ಜೆಕ್ವೆರಿ ಅಡ್ಡದಾರಿ ಹಿಡಿದು ಬ್ರೌಸರಿನ ಗೆಟ್‌ಎಲಿಮೆಂಟ್‌ಬೈಐಡಿಯನ್ನು ಕೇಳುತ್ತದೆ, ಒಂದೇ ಸಿಗುತ್ತದೆ. ಕಾಮಾ ಹಾಕಿ ಇನ್ನೊಂದನ್ನು ಸೇರಿಸಿದ ಕೂಡಲೇ ಕೆಲಸ ಕ್ವೆರಿಸೆಲೆಕ್ಟರ್‌ಆಲ್‌ಗೆ ಹೋಗುತ್ತದೆ, ಅದು ಅದೇ ಐಡಿಯ ಎಲ್ಲ ಸಾಲುಗಳನ್ನೂ ತರುತ್ತದೆ. ಆ ಅಡ್ಡದಾರಿಯ ನಮೂನೆಗೆ ಕನ್ನಡ ಅಕ್ಷರಗಳು ಹೊಂದುವುದಿಲ್ಲವಾದ್ದರಿಂದ #ತಡೆದ ಎಂದು ಒಂಟಿಯಾಗಿ ಬರೆದರೂ ಎಲ್ಲವೂ ಬರುತ್ತವೆ. ಇವತ್ತು ಹೀಗೆ ನಾಳೆ ಹಾಗೆ ನಡೆಯುವ ಇಂಥದ್ದನ್ನು ನಂಬಿ ಯಾರೂ ಕೋಡ್ ಬರೆಯಬಾರದು.

ದೇವರಾಯನದುರ್ಗ (ತುಮಕೂರು)

ಈಗಷ್ಟೇ ಪರೀಕ್ಷಿಸಿದೆ. ನೀವು ಹೇಳಿದಂತೆಯೇ ಬಂತು. ತಿದ್ದಿಕೊಂಡೆ.

ಉಂಡೆಕೊಬ್ಬರಿ (ತಿಪಟೂರು)

ಒಟ್ಟಿಗೆ ಹಿಡಿಯುವುದರ ಬಗ್ಗೆ ಇಷ್ಟು ಮಾತಾಯಿತು, ಹಿಡಿದ ಮೇಲೆ ಆಗುವ ಅನಾಹುತದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಒಬ್ಬ ಕೊಬ್ಬರಿ ವರ್ತಕರಿಗೆ ತೂಕದ ಪುಟ ಮಾಡಿಕೊಟ್ಟಿದ್ದೆ. ಪ್ರತಿ ಚೀಲಕ್ಕೂ ‘ತೂಕ’ ಎಂಬ ಕ್ಲಾಸಿನ ಒಂದು ಚೌಕ, ಕೆಳಗೆ ಒಟ್ಟು. $(".ತೂಕ").ವ್ಯಾಲ್() ಎಂದು ಬರೆದು ಒಟ್ಟು ತೋರಿಸಿದೆ. ಮೊದಲ ದಿನ ಪರೀಕ್ಷೆಗೆಂದು ಒಂದೇ ಚೀಲ ಹಾಕಿದ್ದರಿಂದ ಸರಿಯಾಗಿ ಬಂತು. ಮಾರನೆಯ ದಿನ ಹದಿನೆಂಟು ಚೀಲ ತೂಗಿದರೂ ಒಟ್ಟಿನಲ್ಲಿ ಮೊದಲ ಚೀಲದ ತೂಕವೇ ನಿಂತಿತ್ತು. ಜೆಕ್ವೆರಿಯಲ್ಲಿ ಮೌಲ್ಯವನ್ನು ಬರೆಯುವಾಗ ಗುಂಪಿನ ಎಲ್ಲಕ್ಕೂ ಬರೆಯುತ್ತದೆ, ಓದುವಾಗ ಮೊದಲನೆಯದನ್ನು ಮಾತ್ರ ಓದುತ್ತದೆ. ವ್ಯಾಲ್, ಆಟ್ರ್, ಸಿಎಸ್‌ಎಸ್ ಎಲ್ಲವೂ ಹೀಗೆಯೇ. ಟೆಕ್ಸ್ಟ್ ಮಾತ್ರ ಬೇರೆ, ಅದು ಎಲ್ಲದರ ಪಠ್ಯವನ್ನೂ ಒಂದಕ್ಕೊಂದು ಅಂಟಿಸಿ ಕೊಡುತ್ತದೆ.

ಅದನ್ನು ಅರಿತು ಈಚ್ ಹಾಕಿ ಒಂದೊಂದನ್ನೇ ಕೂಡಿಸಿದೆ. ಆಗ 43 ಮತ್ತು 52 ಸೇರಿ 95 ಆಗುವ ಬದಲು 4352 ಆಯಿತು. ಚೌಕದಿಂದ ಬರುವುದು ಸಂಖ್ಯೆಯಲ್ಲ, ಅಕ್ಷರಮಾಲೆ. ವರ್ತಕರು ಪರದೆ ನೋಡಿ, ‘ನಮ್ಮ ತೋಟ ಇಷ್ಟು ಫಲ ಕೊಟ್ಟಿದ್ದರೆ ನಾನೇಕೆ ಇಲ್ಲಿ ಕೂರುತ್ತಿದ್ದೆ’ ಎಂದರು. ಅಕ್ಷರಮಾಲೆಯನ್ನು ಸಂಖ್ಯೆಯಾಗಿಸುವ ಪಾರ್ಸ್‌ಫ್ಲೋಟ್ ಹಾಕಿದ ಮೇಲೆ ಸರಿಹೋಯಿತು.

ಚಂದ್ರಿಕೆ (ಶಿಡ್ಲಘಟ್ಟ)

ನನಗೆ ಮೋಸವಾದದ್ದು ಕ್ರಮದಲ್ಲಿ. ರೇಷ್ಮೆಗೂಡಿನ ಲಾಟುಗಳ ಪುಟದಲ್ಲಿ $(".ದ್ವಿತಳಿ, .ಮಿಶ್ರತಳಿ") ಎಂದು ಬರೆದು, ಮೊದಲು ಬರೆದದ್ದು ದ್ವಿತಳಿಯಾದ್ದರಿಂದ ಗುಂಪಿನ ಮೊದಲನೆಯದನ್ನು ಕೊಡುವ .ಈಕ್ಯೂ(0) ದ್ವಿತಳಿಯದೇ ಎಂದು ನಂಬಿದ್ದೆ. ಸಿಗುವ ಕ್ರಮ ನಾವು ಬರೆದ ಕ್ರಮವಲ್ಲ, ಪುಟದಲ್ಲಿ ಎಲಿಮೆಂಟುಗಳು ಇರುವ ಕ್ರಮ. ಅಂದು ಪುಟದ ಮೇಲಿದ್ದದ್ದು ಮಿಶ್ರತಳಿ, ಅದಕ್ಕೆ ದ್ವಿತಳಿಯ ದರ ಅಂಟಿಕೊಂಡಿತು. ದರ ಕಂಡ ರೀಲರ್ (ಗೂಡಿನಿಂದ ನೂಲು ತೆಗೆಯುವವರು) ಒಬ್ಬರು ಬಂದು ವಿಚಾರಿಸಿದಾಗಲೇ ನನಗೆ ತಿಳಿದದ್ದು. ಅಂದಹಾಗೆ, ಒಂದೇ ಎಲಿಮೆಂಟಿಗೆ ಎರಡೂ ಕ್ಲಾಸ್ ಇದ್ದರೂ ಅದು ಗುಂಪಿನಲ್ಲಿ ಒಮ್ಮೆ ಮಾತ್ರ ಬರುತ್ತದೆ. ಆ ಭಯ ಬೇಡ.

ಹೊಸಬ್ಬ (ಶಿರಾ)

ಆಡ್ ಎಂಬ ಮೆಥಡ್ ಇದೆಯಲ್ಲ, ಅದರಿಂದ ಒಂದೊಂದಾಗಿ ಸೇರಿಸಿದರೆ ನಾವು ಸೇರಿಸಿದ ಕ್ರಮ ಉಳಿಯುತ್ತದೆಯೇ?

ಚಂದ್ರಿಕೆ (ಶಿಡ್ಲಘಟ್ಟ)

ಇಲ್ಲ, ಅಲ್ಲಿಯೂ ಪುಟದ ಕ್ರಮವೇ. ಜೊತೆಗೆ ಆಡ್ ಹಳೆಯ ಗುಂಪನ್ನು ಬದಲಿಸುವುದಿಲ್ಲ, ಹೊಸ ಗುಂಪನ್ನು ಕೈಗಿಡುತ್ತದೆ. ಅದನ್ನು ಒಂದು ವೇರಿಯಬಲ್‌ಗೆ ಹಾಕಿಕೊಳ್ಳದಿದ್ದರೆ ಸೇರಿಸಿದ್ದು ನೀರಿನಲ್ಲಿ ಹೋಮ.

ಅಂತರಗಂಗೆ (ಕೋಲಾರ)

ನಂದಿಮಂಜು ಅವರ ಫೈಂಡ್ ಹಾಕಿದೆ, ಬಾಕಿಪಟ್ಟಿ ಉಳಿಯಿತು. ಆದರೆ ಹೊಸ ಸಮಸ್ಯೆ ಎದ್ದಿದೆ. ಕೊಳೆತ ಎಂದು ಗುರುತಿಸಿದ ಐದು ಸಾಲುಗಳಲ್ಲಿ ಮೂರು ಮರೆಯಾಗುತ್ತವೆ, ಎರಡು ಕದಲುವುದಿಲ್ಲ. ಇನ್‌ಸ್ಪೆಕ್ಟ್ ಮಾಡಿ ನೋಡಿದರೆ ಐದರಲ್ಲೂ ‘ಕೊಳೆತ’ ಎಂದೇ ಇದೆ. ಕಣ್ಣಿಗೆ ಒಂದು ಚೂರೂ ವ್ಯತ್ಯಾಸವಿಲ್ಲ.

ಬರಿಗೈ ಜಾವಾಸ್ಕ್ರಿಪ್ಟ್ (ಗೌರಿಬಿದನೂರು)

ಕ್ಲಾಸ್‌ಗಳಿಗೆ ಕನ್ನಡ ಹೆಸರು ಇಟ್ಟರೆ ಇನ್ನೇನಾಗುತ್ತದೆ.

ನಂದಿಮಂಜು (ಚಿಕ್ಕಬಳ್ಳಾಪುರ)

ಕನ್ನಡದ ಮೇಲೆ ತಪ್ಪು ಹೊರಿಸಬೇಡಿ. ಸಿಎಸ್‌ಎಸ್ ಹೆಸರುಗಳಲ್ಲಿ ಕನ್ನಡ ಅಕ್ಷರಗಳಿಗೆ ಪೂರ್ಣ ಅನುಮತಿಯಿದೆ. ಆ ಐದು ಸಾಲುಗಳ ಕ್ಲಾಸ್ ಹೆಸರಿನ ಲೆಂಗ್ತ್ ಅಳೆದು ನೋಡಿ ಹೇಳಿ.

ಅಂತರಗಂಗೆ (ಕೋಲಾರ)

ಮೂರಕ್ಕೆ 5, ಎರಡಕ್ಕೆ 6. ಇದೇನು ಮಾಟ?

ನಂದಿಮಂಜು (ಚಿಕ್ಕಬಳ್ಳಾಪುರ)

ಊಹಿಸಿದ್ದೆ. ‘ಕೊ’ ಅಕ್ಷರದ ಒ-ಕಾರವನ್ನು ಯೂನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು. ಒಂದೇ ಚಿಹ್ನೆಯಾಗಿ ಬರೆದರೆ ಕ, ಒ-ಕಾರ, ಳ, ಎ-ಕಾರ, ತ ಎಂದು ಐದು. ಎ-ಕಾರದ ಚಿಹ್ನೆ ಹಾಕಿ ಅದರ ಹಿಂದೆಯೇ ಊ-ಕಾರದ ಚಿಹ್ನೆ ಹಾಕಿದರೂ ಪರದೆಯ ಮೇಲೆ ಅದೇ ‘ಕೊ’ ಮೂಡುತ್ತದೆ, ಆಗ ಆರು. ಓದುವ ಕಣ್ಣಿಗೆ ಎರಡೂ ಒಂದೇ, ಸೆಲೆಕ್ಟರಿಗೆ ಎರಡು ಬೇರೆ ಹೆಸರುಗಳು, ಏಕೆಂದರೆ ಅದು ಸಂಕೇತಗಳನ್ನು ಇದ್ದಂತೆಯೇ ಹೋಲಿಸುತ್ತದೆ. ಈ, ಏ, ಐ, ಓ-ಕಾರಗಳಲ್ಲೂ ಇಂಥ ಇಬ್ಬಂದಿತನವಿದೆ. ಆ ಎರಡು ಸಾಲುಗಳು ಬೇರೆ ಯಾವುದಾದರೂ ದಾರಿಯಿಂದ ಬಂದವೇ?

ಅಂತರಗಂಗೆ (ಕೋಲಾರ)

ಹೌದು. ಆ ಎರಡು ಲಾಟುಗಳನ್ನು ಮಂಡಿಯ ಗುಮಾಸ್ತರು ಹಳೆಯ ಕಡತದಿಂದ ಪರಿವರ್ತಿಸಿ ನಕಲು ಮಾಡಿದ್ದರು. ನಾನು ಕೈಯಿಂದ ಟೈಪ್ ಮಾಡಿದ ಮೂರೂ ಸರಿಯಾಗಿವೆ.

ದೇವರಾಯನದುರ್ಗ (ತುಮಕೂರು)

ಹೊರಗಿನಿಂದ ಬರುವ ಪಠ್ಯದಿಂದ ಕ್ಲಾಸ್ ಹೆಸರು ಕಟ್ಟುವ ಮುನ್ನ ಅದರ ಮೇಲೆ .ನಾರ್ಮಲೈಜ್() ಕರೆಯಿರಿ. ಜಾವಾಸ್ಕ್ರಿಪ್ಟಿನ 2015ರ ಆವೃತ್ತಿಯಿಂದ ಅದು ಇದೆ, ಎರಡೂ ರೂಪಗಳನ್ನು ಒಂದೇ ರೂಪಕ್ಕೆ ತರುತ್ತದೆ. ಅರ್ಧಾಕ್ಷರ ಬಿಡಿಸಲು ಹಾಕುವ ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆಯನ್ನು ಮಾತ್ರ ಅದು ತೆಗೆಯುವುದಿಲ್ಲ, ಅದನ್ನು ಬೇರೆಯಾಗಿ ಅಳಿಸಬೇಕು. ಇಷ್ಟೆಲ್ಲ ಕಂಡ ಮೇಲೆ, ಕಣ್ಣಿಗೆ ಕಾಣುವ ಪಠ್ಯ ಕನ್ನಡದಲ್ಲಿರಲಿ, ಕ್ಲಾಸ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ ಎಂಬುದೇ ನನ್ನ ಮತ.

ನಂದಿಮಂಜು (ಚಿಕ್ಕಬಳ್ಳಾಪುರ)

ನನ್ನದು ಹಾಗಲ್ಲ. ನಾಳೆ ಈ ಪುಟ ನೋಡಿಕೊಳ್ಳುವ ಮಂಡಿಯ ಹುಡುಗನಿಗೆ ‘ತಡೆದ’ ಎಂದರೆ ತಕ್ಷಣ ಅರ್ಥವಾಗುತ್ತದೆ.

ಉಂಡೆಕೊಬ್ಬರಿ (ತಿಪಟೂರು)

ಹರಾಜು ನಡೆಯುತ್ತಿರುವಾಗ ಹೊಸ ಲಾಟುಗಳ ಸಾಲು ಪುಟಕ್ಕೆ ಸೇರುತ್ತ ಹೋಗುತ್ತದೆಯೇ? ಹಾಗಿದ್ದರೆ ಹೈಡ್ ಸಾಲದು. ಗುಂಡಿ ಒತ್ತಿದ ಕ್ಷಣದಲ್ಲಿ ಇದ್ದ ಸಾಲುಗಳು ಮಾತ್ರ ಆ ಗುಂಪಿನಲ್ಲಿರುತ್ತವೆ, ಐದು ನಿಮಿಷ ಬಿಟ್ಟು ಬಂದ ಕೊಳೆತ ಲಾಟು ಎದ್ದು ಕಾಣುತ್ತದೆ.

ಬರಿಗೈ ಜಾವಾಸ್ಕ್ರಿಪ್ಟ್ (ಗೌರಿಬಿದನೂರು)

ಅದಕ್ಕೇ ಹೇಳುವುದು, ಸಾಲುಗಳನ್ನು ಹಿಡಿಯಲೇಬೇಡಿ. ಗುಂಡಿ ಒತ್ತಿದಾಗ ಟೇಬಲ್ಲಿಗೆ ‘ಮಾರಿದ್ದುಮಾತ್ರ’ ಎಂದು ಒಂದು ಕ್ಲಾಸ್ ಹಾಕಿ, ತೆಗೆಯಿರಿ. ಆ ಕ್ಲಾಸ್ ಇದ್ದಾಗ ಒಳಗಿನ ಕೊಳೆತ, ತಡೆದ ಸಾಲುಗಳನ್ನು ಕಾಣಿಸಬೇಡ ಎಂಬ ನಿಯಮವನ್ನು ಸ್ಟೈಲ್‌ಶೀಟಿನಲ್ಲಿ ಬರೆಯಿರಿ. ಆಮೇಲೆ ಬಂದ ಸಾಲಿಗೂ ಅದು ತಾನಾಗಿ ಅನ್ವಯಿಸುತ್ತದೆ. ಜೆಕ್ವೆರಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ರಾಗಿಮುದ್ದೆ (ಮಾಲೂರು)

ಸ್ಟೈಲ್‌ಶೀಟಿನಲ್ಲೂ ಕಾಮಾದ ಆಚೆ ಇನ್ನೊಮ್ಮೆ ಬರೆಯುವುದನ್ನು ಮರೆಯಬೇಡಿ. ಮೊದಲ ಉತ್ತರ ನನ್ನದೇ ಎಂದು ನೆನಪಿಸುತ್ತಿದ್ದೇನೆ.

ಅಂತರಗಂಗೆ (ಕೋಲಾರ)

ಹಾಗೆಯೇ ಮಾಡಿದೆ, ಈಗ ಹೊಸ ಲಾಟುಗಳೂ ಸರಿಯಾಗಿ ಮರೆಯಾಗುತ್ತಿವೆ. ಸ್ಟೈಲ್‌ಶೀಟ್ ತೆರೆದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ತುಂಬ ಹಿಂದೆ ನಾನೇ ‘#ದರಪಟ್ಟಿ ಟಿಡಿ, ಟಿಎಚ್’ ಎಂದು ಬರೆದು ಕೆಂಪು ಬಣ್ಣ ಕೊಟ್ಟಿದ್ದೆ. ಬಾಕಿಪಟ್ಟಿಯ ತಲೆಬರಹಗಳು ಅಷ್ಟು ದಿನದಿಂದ ಕೆಂಪಾಗಿ ಇದ್ದದ್ದು ಇದರಿಂದಲೇ. ಸರಿಪಡಿಸಿ ಕಪ್ಪು ಮಾಡಿದೆ. ಅರ್ಧ ಗಂಟೆಯಲ್ಲಿ ಮಾವನ ಫೋನ್ ಬಂತು: ಬಾಕಿ ಎಂದರೆ ಕೆಂಪಾಗಿಯೇ ಇರಬೇಕು, ಅದನ್ನೇಕೆ ತೆಗೆದೆ ಎಂದು. ಈಗ ಎರಡು ಐಡಿಗಳನ್ನೂ ಬರೆದು, ಬೇಕೆಂದೇ ಕೆಂಪು ಮಾಡಿದ್ದೇನೆ.